ಎರಡು ವರ್ಷ ಅನುಭವ ಬೇಕಂತೆ: ಹೊಸ ಲಾರಿ ಚಾಲಕನಿಗೆ ಮೊದಲ ಕೆಲಸ ಎಲ್ಲಿ ಸಿಗುತ್ತದೆ?

[ದೃಶ್ಯ: ಯಶವಂತಪುರದ ಲಾರಿ ನಿಲ್ದಾಣ, ಬೆಳಗಿನ ಜಾವ. ಟಾರ್ಪಾಲಿನ ಮೇಲೆ ಹಗ್ಗ ಬಿಗಿಯುತ್ತಿರುವ ಕೈಗಳು.]

ನಮಸ್ಕಾರ. ಲಾರಿ ಆಫೀಸಿನ ಗೋಡೆಯ ಮೇಲಿನ ಈ ಚೀಟಿಯನ್ನು ಒಮ್ಮೆ ಓದಿ. 'ಚಾಲಕರು ಬೇಕಾಗಿದ್ದಾರೆ. ಮುಂಬೈ, ದೆಹಲಿ ಲೈನು. ಹೆವಿ ಲೈಸೆನ್ಸ್ ಕಡ್ಡಾಯ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎರಡು ವರ್ಷ ಅನುಭವ.' ಹೊಸದಾಗಿ ಲೈಸೆನ್ಸ್ ಮಾಡಿಸಿಕೊಂಡ ಹುಡುಗ ಕೊನೆಯ ಸಾಲಿಗೆ ಬರುತ್ತಲೇ ಹಿಂದಿರುಗುತ್ತಾನೆ. ಈಜು ಬಾರದವನನ್ನು ನೀರಿಗೆ ಇಳಿಸುವುದಿಲ್ಲ, ನೀರಿಗೆ ಇಳಿಯದವನಿಗೆ ಈಜು ಬರುವುದಿಲ್ಲ. ನಾನೂ ಹೀಗೆ ಏಳೆಂಟು ಆಫೀಸುಗಳ ಮೆಟ್ಟಿಲಿಳಿದು ಬಂದವನು.

ಆದರೆ ಈ ಚೀಟಿಯ ಎಲ್ಲ ಸಾಲುಗಳೂ ಒಂದೇ ತೂಕದವಲ್ಲ. ಒಂದು ಕಾನೂನು ಹೇಳಿದ್ದು, ಒಂದು ಹಳೆಯ ರೂಢಿ, ಮತ್ತೊಂದು ಮಾಲೀಕನ ಭಯ. ಯಾವುದು ಯಾವುದೆಂದು ತಿಳಿದರೆ ಎಲ್ಲಿ ತಲೆ ಬಾಗಬೇಕು, ಎಲ್ಲಿ ಮಾತಾಡಬಹುದು ಎಂಬುದು ಗೊತ್ತಾಗುತ್ತದೆ.

[ದೃಶ್ಯ: ಚಾಲನಾ ಪರವಾನಗಿಯ ಎರಡೂ ಬದಿ. ಹೆಸರು, ಸಂಖ್ಯೆ ಮಸುಕಾಗಿವೆ.]

ಲೈಸೆನ್ಸಿನ ವಿಷಯದಲ್ಲಿ ಚೌಕಾಸಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಾರಿಯಂಥ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಕಾರಿನಂಥ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿದ್ದರೆ ಮಾತ್ರ ಲಾರಿಯ ಕಲಿಕಾ ಲೈಸೆನ್ಸ್ ಸಿಗುತ್ತದೆ. ಅದಾಗಿ 30 ದಿನ ಕಳೆದ ಮೇಲೆ ಪರೀಕ್ಷೆ. ವೈದ್ಯರ ಪ್ರಮಾಣಪತ್ರ ಮತ್ತು ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಜೊತೆಗಿರಬೇಕು. ಆದ್ದರಿಂದ 18 ತುಂಬುತ್ತಲೇ ಕಾರಿನ ಲೈಸೆನ್ಸ್ ಮಾಡಿಸಿಬಿಡಿ. ಇಪ್ಪತ್ತರಲ್ಲಿ ಎಚ್ಚೆತ್ತವನಿಗೆ ಇನ್ನೊಂದು ವರ್ಷ ಕಾಯುವ ಶಿಕ್ಷೆ.

ಎಸ್ಸೆಸ್ಸೆಲ್ಸಿ ಎಂಬುದು ರೂಢಿ. ಮೊದಲು ಕೇಂದ್ರದ ನಿಯಮದಲ್ಲೇ ಎಂಟನೇ ತರಗತಿಯ ಷರತ್ತಿತ್ತು. ಹರಿಯಾಣದ ಮೇವಾತ್ ಭಾಗದಲ್ಲಿ ಗಾಡಿ ಓಡಿಸಿಯೇ ಬದುಕುವ, ಶಾಲೆ ಕಾಣದ ಜನರಿದ್ದಾರೆ ಎಂದು ಆ ರಾಜ್ಯ ಕೇಳಿಕೊಂಡ ಮೇಲೆ 2019ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ದೊಡ್ಡ ಕಂಪನಿಯ ಅರ್ಜಿಯಲ್ಲಿ ಅದು ಇನ್ನೂ ಉಳಿದಿರಬಹುದು. ನಾಲ್ಕೈದು ಲಾರಿ ಇಟ್ಟುಕೊಂಡ ಮಾಲೀಕನ ಮುಂದೆ ಈ ಮಾತು ಬಂದರೆ, ಸರಕಿನ ಬಿಲ್ಲನ್ನು ಅವರೆದುರಿಗೇ ಓದಿ ತೋರಿಸಿ. ಅವರಿಗೆ ಬೇಕಿರುವುದೂ ಅಷ್ಟೇ.

[ದೃಶ್ಯ: ಸಾಲಾಗಿ ನಿಂತ ಹದಿನಾಲ್ಕು ಚಕ್ರದ ಲಾರಿಗಳು. ಕ್ಯಾಮೆರಾ ನಿಧಾನವಾಗಿ ಸಾಗುತ್ತದೆ.]

ಇನ್ನು ಆ ಎರಡು ವರ್ಷ. ಒಂದೊಂದು ಗಾಡಿಯೂ ಹತ್ತಾರು ಲಕ್ಷದ್ದು, ಅದರ ಮೇಲೆ ತಿಂಗಳ ಕಂತು, ಒಳಗೆ ಬೇರೆಯವರ ಮಾಲು. ಅದನ್ನು ಗುರುತಿಲ್ಲದ ಹುಡುಗನ ಕೈಗೆ ಕೊಟ್ಟು ಸಾವಿರ ಕಿಲೋಮೀಟರ್ ಆಚೆಗೆ ಕಳಿಸಬೇಕು. ನನಗೆ ಕೊನೆಗೆ ಕೆಲಸ ಕೊಟ್ಟ ಮಾಲೀಕರು ಎಷ್ಟು ವರ್ಷ ಓಡಿಸಿದ್ದೀಯ ಎಂದು ಕೇಳಲೇ ಇಲ್ಲ. "ನಿನ್ನನ್ನು ಬಲ್ಲವರು ಯಾರಪ್ಪಾ?" ಎಂದರು. ಎರಡು ವರ್ಷ ಎಂಬ ಮಾತಿನ ನಿಜವಾದ ಅರ್ಥ ನನಗೆ ಅಂದು ತಿಳಿಯಿತು. ಹಾಗಾದರೆ ಬಲ್ಲವರನ್ನು ಸಂಪಾದಿಸುವುದು ಹೇಗೆ?

ಸಣ್ಣ ಗಾಡಿಯಿಂದ ಶುರು ಮಾಡಬಹುದು. ಒಟ್ಟು ತೂಕ 7,500 ಕಿಲೋದೊಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅಂದರೆ ಹೆವಿ ಲೈಸೆನ್ಸಿಗಾಗಿ ಕಾಯುವ ಕಾಲವೂ ವ್ಯರ್ಥವಾಗಬೇಕಿಲ್ಲ. ಕೋಲಾರದ ಟೊಮೆಟೊ ಮಂಡಿಯನ್ನೇ ನೋಡಿ. ಹಳ್ಳಿಯಿಂದ ಕ್ರೇಟು ತರುವ ಸಣ್ಣ ಗಾಡಿ ನಿಲ್ಲುವ ಅಂಗಳದಿಂದಲೇ ಹೊರರಾಜ್ಯದ ಲಾರಿಗಳೂ ಹೊರಡುತ್ತವೆ. ಒಂದು ಹಂಗಾಮು ಹೊತ್ತಿಗೆ ಸರಿಯಾಗಿ ಬಂದು ಹೋದ ಹುಡುಗನ ಮುಖವನ್ನು ಮಂಡಿಯವರು ಮರೆಯುವುದಿಲ್ಲ, ಲಾರಿ ಮಾಲೀಕರು ವಿಚಾರಿಸುವುದೂ ಅವರನ್ನೇ.

ಕ್ಲೀನರ್ ಆಗಿ ಹತ್ತುವುದು ಇನ್ನೊಂದು ದಾರಿ. ಲೈಸೆನ್ಸ್ ಇರುವವನು ಕ್ಲೀನರ್ ಆಗಬೇಕೇ ಎಂದು ಮೂಗು ಮುರಿಯುವವರಿಗೆ ನನ್ನ ಬಳಿ ಉತ್ತರವಿಲ್ಲ. ಹಗ್ಗದ ಗಂಟು, ಟಯರಿಗೆ ರಾಡಿನಿಂದ ಬಡಿದು ಸದ್ದಿನಲ್ಲೇ ಗಾಳಿ ಅಳೆಯುವುದು, ಲಾರಿ ತೂಗುವ ವೇ ಬ್ರಿಡ್ಜಿನ ಚೀಟಿ, ಚೆಕ್‌ಪೋಸ್ಟಿನಲ್ಲಿ ಮಾತಾಡುವ ರೀತಿ, ಇವನ್ನೆಲ್ಲ ಯಾವ ಡ್ರೈವಿಂಗ್ ಶಾಲೆಯೂ ಕಲಿಸುವುದಿಲ್ಲ. ಒಂದು ಎಚ್ಚರಿಕೆ: ಕಲಿಕಾ ಲೈಸೆನ್ಸ್ ಕೂಡ ಇಲ್ಲದೆ ಸ್ಟಿಯರಿಂಗ್ ಮುಟ್ಟಬೇಡಿ. ಅದಿದ್ದರೂ ಗಾಡಿಗೆ 'ಎಲ್' ಫಲಕವಿರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ರಾತ್ರಿ ಡ್ರೈವರ್ ಮಲಗಿ ಹುಡುಗನ ಕೈಗೆ ಗಾಡಿ ಕೊಡುವ ಪದ್ಧತಿ ಇದೆ ಎಂಬುದು ನನಗೂ ಗೊತ್ತು. ಅಪಘಾತವಾದ ದಿನ ವಿಮೆಯವರು ಮೊದಲು ಕೇಳುವುದೇ ಸ್ಟಿಯರಿಂಗ್ ಹಿಂದೆ ಯಾರಿದ್ದರು ಎಂದು.

ಹೆವಿ ಲೈಸೆನ್ಸ್ ಕೈಗೆ ಬಂದ ಮೇಲೆ ಆ್ಯಕ್ಟಿಂಗ್ ಡ್ರೈವರ್, ಅಂದರೆ ಬದಲಿ ಚಾಲಕನಾಗಿ ಹೋಗಿ. ದೀಪಾವಳಿಗೆ ಖಾಯಂ ಚಾಲಕರು ಊರಿಗೆ ಹೋಗುತ್ತಾರೆ, ಲೋಡು ಮಾತ್ರ ಕಾಯುವುದಿಲ್ಲ. ವರ್ಷವಿಡೀ ಎರಡು ವರ್ಷದ ಅನುಭವ ಕೇಳುವ ಆಫೀಸು ಆ ವಾರ ಸ್ವಲ್ಪ ಮೆತ್ತಗಾಗಿರುತ್ತದೆ.

[ದೃಶ್ಯ: ಶಿರಾಡಿ ಘಾಟಿಯ ಇಳಿಜಾರು, ಕ್ಯಾಬಿನ್ ಒಳಗಿನಿಂದ.]

ಆಗ ನಿಮ್ಮನ್ನು ಟ್ರಯಲ್ ನೋಡುತ್ತಾರೆ. ಪಕ್ಕದಲ್ಲಿ ಹಿರಿಯ ಚಾಲಕರೊಬ್ಬರು ಸುಮ್ಮನೆ ಕೂರುತ್ತಾರೆ. ಅವರು ನೋಡುವುದು ವೇಗವನ್ನಲ್ಲ. ಹತ್ತುವ ಮುನ್ನ ಗಾಡಿಯನ್ನು ಒಂದು ಸುತ್ತು ಹಾಕಿದಿರೇ? ಬ್ರೇಕಿನ ಗಾಳಿ ತುಂಬುವವರೆಗೆ ಕಾದಿರೇ? ರಿವರ್ಸಿನಲ್ಲಿ ಅನುಮಾನ ಬಂದಾಗ ಇಳಿದು ಹೋಗಿ ನೋಡಿದಿರೇ, ಅಥವಾ ನಾಚಿಕೆಯಿಂದ ಹಾಗೆಯೇ ಹಿಂದಕ್ಕೆ ತೆಗೆದಿರೇ? ಇಳಿದು ನೋಡಿದವನಿಗೇ ಕೆಲಸ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಘಾಟಿಯಲ್ಲಿ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬುದು ಹಳಬರ ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದರೆ ಹಿಡಿಯುವುದಿಲ್ಲ. ಟ್ರಯಲ್ಲಿನಲ್ಲಿ ನ್ಯೂಟ್ರಲ್ ಮಾಡಿದವನನ್ನು ಮುಂದಿನ ತಿರುವಿನಲ್ಲೇ ಇಳಿಸಿದರೂ ಆಶ್ಚರ್ಯವಿಲ್ಲ.

ಅನುಭವದ ಪತ್ರವನ್ನು ದುಡ್ಡಿಗೆ ಮಾಡಿಕೊಡುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಲೈಸೆನ್ಸ್ ಸಂಖ್ಯೆ, ಹುಟ್ಟಿದ ದಿನ ಹಾಕಿದರೆ ನೀವು ಯಾವ ವರ್ಗದ ವಾಹನಕ್ಕೆ ಎಂದಿನಿಂದ ಅರ್ಹರು ಎಂಬುದು ಮಾಲೀಕರ ಮೊಬೈಲಿನಲ್ಲೇ ಕಾಣುತ್ತದೆ. ಆರು ತಿಂಗಳ ಲೈಸೆನ್ಸಿಗೆ ಮೂರು ವರ್ಷದ ಅನುಭವ ಅಂಟಿಸಿದರೆ ನಗೆಪಾಟಲು. ಹಾಗೆಯೇ, ಭದ್ರತೆಗೆಂದು ನಿಮ್ಮ ಅಸಲು ಲೈಸೆನ್ಸನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಆಫೀಸಿನಿಂದ ಎದ್ದು ಬನ್ನಿ.

ಕೆಲಸ ಸಿಕ್ಕ ಸಂತೋಷದಲ್ಲಿ ಕೇಳಲು ಮರೆಯುವ ಮಾತುಗಳೂ ಇವೆ. ಸಂಬಳ ತಿಂಗಳಿಗೋ, ಟ್ರಿಪ್ಪಿಗೋ? ದಾರಿ ಖರ್ಚಿಗೆ ಕೊಡುವ ಬಾಟಾ ಎಷ್ಟು? ಡೀಸೆಲ್ ಲೆಕ್ಕ ಕಡಿಮೆ ಬಂದರೆ ಯಾರ ತಲೆಗೆ? ಅಧಿಕ ಭಾರಕ್ಕೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ಅದನ್ನು ಯಾರು ಕಟ್ಟುತ್ತಾರೆ ಎಂದು ಲೋಡು ತುಂಬುವ ಮುನ್ನ ಕೇಳಿ, ತುಂಬಿದ ಮೇಲಲ್ಲ.

[ದೃಶ್ಯ: ರಾತ್ರಿ, ರಾಷ್ಟ್ರೀಯ ಹೆದ್ದಾರಿ 48. ಎದುರಿನ ದೀಪಗಳು.]

ನನ್ನ ಮೊದಲ ಮುಂಬೈ ಟ್ರಿಪ್ಪಿನಲ್ಲಿ ಜೊತೆಗಿದ್ದ ಹಿರಿಯ ಚಾಲಕರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ನೆಲಮಂಗಲದಲ್ಲಿ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟರು. "ಮಲಗಿ ಅಣ್ಣ" ಎಂದೆ. "ಮಲಗುತ್ತೇನೆ, ನೀನು ರಸ್ತೆ ನೋಡು" ಎಂದವರು ತುಮಕೂರು ದಾಟಿದರೂ ಕಣ್ಣು ಮುಚ್ಚಲಿಲ್ಲ. ಶಿರಾದಲ್ಲಿ ಚಹಾ ಕುಡಿದೆವು, ಆಗಲೂ ಏನೂ ಹೇಳಲಿಲ್ಲ. ಹಿರಿಯೂರಿನ ಹತ್ತಿರ ಗೊರಕೆ ಕೇಳಿಸಿತು.