ಪರದೆಯ ಮೇಲೆ ಮ್ಯಾಮೋಗ್ರಾಮ್

ಕೇಳುಗರಿಗೆ ನಮಸ್ಕಾರ.

ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿಕೊಂಡು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಫಿಲ್ಮು ಮತ್ತು ಒಂದು ವರದಿ ಇರುತ್ತವೆ. ಪರೀಕ್ಷೆ ಡಿಜಿಟಲ್ ಯಂತ್ರದಲ್ಲಿ ನಡೆದಿದ್ದರೆ, ತಜ್ಞರು ವರದಿ ಬರೆಯುವುದು ಬಹುಮಟ್ಟಿಗೆ ಆ ಫಿಲ್ಮನ್ನು ನೋಡಿ ಅಲ್ಲ, ಕಂಪ್ಯೂಟರ್ ಪರದೆಯ ಮೇಲಿನ ಚಿತ್ರವನ್ನು ನೋಡಿ. ಆ ಚಿತ್ರವನ್ನು ಕಣ್ಣಿಗೆ ನಿಲುಕುವಂತೆ ತಿದ್ದುವ ಕ್ರಮವೇ ಇಂದಿನ ವಿಷಯ.

ಸ್ತನದಲ್ಲಿ ಮೂಳೆಯಿಲ್ಲ. ಕೊಬ್ಬು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹಾಲಿನ ಗ್ರಂಥಿಗಳ ಅಂಗಾಂಶವೂ ಗಡ್ಡೆಯೂ ಎರಡೂ ಬೆಳ್ಳಗೆ ಕಾಣುತ್ತವೆ. ಗ್ರಂಥಿಯ ಭಾಗ ಹೆಚ್ಚಾಗಿರುವ ದಟ್ಟ ಸ್ತನದಲ್ಲಿ, ಅದರಲ್ಲೂ ಕಡಿಮೆ ವಯಸ್ಸಿನವರಲ್ಲಿ, ಗಡ್ಡೆಯನ್ನು ಗುರುತಿಸುವುದು ಆಟಿ ತಿಂಗಳ ಮಂಜಿನಲ್ಲಿ ಬಿಳಿ ಅಂಗಿ ತೊಟ್ಟವರನ್ನು ತೋಟದಲ್ಲಿ ಹುಡುಕಿದಂತೆಯೇ ಸರಿ. ಇನ್ನೊಂದು ತೊಡಕು ಸ್ತನದೊಳಗೆ ಕೂಡಿಕೊಳ್ಳುವ ಸುಣ್ಣದ, ಅಂದರೆ ಕ್ಯಾಲ್ಸಿಯಂನ, ಕಣಗಳದ್ದು. ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಆದರೆ ಅಂಕುಡೊಂಕಾದ ಸಣ್ಣ ಕಣಗಳು ಒಂದೆಡೆ ಗುಂಪುಗೂಡಿದ್ದರೆ ಅದು ಕ್ಯಾನ್ಸರಿನ ಮೊದಲ ಸುಳಿವಾಗಿರಬಹುದು, ಮತ್ತು ಅಂಥ ಕಣದ ಗಾತ್ರ ಕೆಲವೊಮ್ಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ.

ಹಳೆಯ ಫಿಲ್ಮಿನಲ್ಲಿ ಕಪ್ಪು-ಬಿಳುಪಿನ ಪ್ರಮಾಣ ರಾಸಾಯನಿಕದಲ್ಲಿ ತೊಳೆದ ಗಳಿಗೆಗೇ ನಿಂತುಹೋಗುತ್ತಿತ್ತು. ಡಿಜಿಟಲ್ ಯಂತ್ರವಾದರೋ 4,096 ಅಥವಾ 16,384 ಬೂದು ಛಾಯೆಗಳನ್ನು ದಾಖಲಿಸಬಲ್ಲದು. ಸಾಧಾರಣ ಪರದೆ ತೋರಿಸುವುದು 256 ಛಾಯೆಗಳನ್ನು ಮಾತ್ರ. ಹಾಗಾಗಿ ತಜ್ಞರು ತಮಗೆ ಬೇಕಾದ ಛಾಯೆಗಳ ವ್ಯಾಪ್ತಿಯೊಂದನ್ನು ಆರಿಸಿಕೊಂಡು, ಅದನ್ನೇ ಪರದೆಯ ಕಪ್ಪಿನಿಂದ ಬಿಳುಪಿನವರೆಗೆ ಹಿಗ್ಗಿಸಿ ನೋಡುತ್ತಾರೆ. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದರ ಛಾಯಾಭೇದವನ್ನು ಒಂದು ಮಿತಿಯೊಳಗೆ ಹೆಚ್ಚಿಸುವ ವಿಧಾನವೂ ಇದೆ. ಮಿತಿ ಎಂದೆನಲ್ಲ, ಮುಖ್ಯವಾದ ಮಾತು ಅದೇ: ತಿದ್ದುವ ಲೆಕ್ಕಾಚಾರಕ್ಕೆ ಸುಣ್ಣದ ಕಣವೂ ಎಕ್ಸ್-ರೇಯ ಗದ್ದಲದಿಂದ, ಅಂದರೆ ಚಿತ್ರದಲ್ಲಿ ತಾನಾಗಿ ಮೂಡುವ ಅಡ್ಡಾದಿಡ್ಡಿ ಏರಿಳಿತದಿಂದ, ಉಂಟಾದ ಚುಕ್ಕೆಯೂ ಒಂದೇ, ಅದು ಎರಡನ್ನೂ ಎತ್ತಿ ತೋರಿಸುತ್ತದೆ. ಯಂತ್ರ ದಾಖಲಿಸದೆ ಬಿಟ್ಟದ್ದನ್ನು ಯಾವ ತಿದ್ದುಪಡಿಯೂ ತಂದುಕೊಡದು. ಹೊಳಪು ಹೆಚ್ಚಿದ ಚಿತ್ರವೇ ಉತ್ತಮ ಚಿತ್ರವೆಂಬ ನಂಬಿಕೆಯನ್ನು ನಾನಂತೂ ಒಪ್ಪುವುದಿಲ್ಲ.

ಈ ಸೌಲಭ್ಯದಿಂದ ಪ್ರಯೋಜನವಿದೆಯೇ? ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 49,500 ಮಹಿಳೆಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ನೋಡಿದಾಗ ಫಿಲ್ಮಿಗೂ ಡಿಜಿಟಲ್ ಚಿತ್ರಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ. ಆದರೆ 50 ವರ್ಷದೊಳಗಿನವರಲ್ಲಿ ಮತ್ತು ದಟ್ಟ ಸ್ತನದವರಲ್ಲಿ ಡಿಜಿಟಲ್ ವಿಧಾನವೇ ಮೇಲೆನಿಸಿತು.

ಮ್ಯಾಮೋಗ್ರಾಮ್ ಓದಲು ಬಳಸುವುದು ಸಾಮಾನ್ಯವಾಗಿ 50 ಲಕ್ಷ ಪಿಕ್ಸೆಲ್‌ಗಳ ವಿಶೇಷ ಪರದೆ, ಅದೂ ಮಬ್ಬು ಬೆಳಕಿನ ಕೋಣೆಯಲ್ಲಿ. ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪಿನಲ್ಲಿ ದೂರದ ವೈದ್ಯರಿಗೆ ಕಳುಹಿಸುವುದು ನಮ್ಮಲ್ಲಿ ರೂಢಿಯಾಗಿದೆಯಷ್ಟೆ. ಆ ಫೋಟೊದಲ್ಲಿ ಮೇಲೆ ಹೇಳಿದ ಛಾಯೆಗಳೂ ಕಣಗಳೂ ಉಳಿಯುವುದಿಲ್ಲ. ಆದ್ದರಿಂದ ಪರೀಕ್ಷೆಯಾದ ಕೂಡಲೇ ಮೂಲ ಚಿತ್ರಗಳನ್ನು ಡೈಕಾಮ್ ಎಂಬ, ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಕಂಪ್ಯೂಟರ್ ಕಡತದ ರೂಪದಲ್ಲಿ ಸಿ.ಡಿ.ಯಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಕೇಳಿ ಪಡೆಯಿರಿ. ಮುಂದಿನ ಪರೀಕ್ಷೆಗೆ ಹೋಗುವಾಗ ಹಳೆಯದನ್ನೂ ಒಯ್ಯಿರಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೊಸ ಬದಲಾವಣೆ ತಿಳಿಯುತ್ತದೆ. ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೋಗ್ರಾಮಿನಲ್ಲಿ ಏನೂ ಇಲ್ಲವೆಂದು ಬಂದರೆ ಅಲ್ಲಿಗೆ ಬಿಡದೆ, ಅಲ್ಟ್ರಾಸೌಂಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸಿರಿ. ನಮಸ್ಕಾರ.