ಕೊನೆಯ ಒಂಟಿ ಮನೆಗೆ ಸಂಕ ಬೀಳುವ ಹೊತ್ತು

[ದೃಶ್ಯ: ತೀರ್ಥಹಳ್ಳಿ ಕಡೆಯ ಒಂದು ಹಳ್ಳ, ಮಳೆ]

ಹಳ್ಳ ದಾಟುವ ಈ ಸಂಕ ನೋಡಿ. ಎರಡು ಅಡಿಕೆ ಮರ, ಹಿಡಿದುಕೊಳ್ಳಲು ಒಂದು ಬಿದಿರ ಗಳ, ಅಷ್ಟೇ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ನಾನೇ ಒಮ್ಮೆ ಹಾಲಿನ ಕ್ಯಾನ್ ಸಮೇತ ಜಾರಿದ್ದೇನೆ. ಮಲೆನಾಡಿನಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ, ಅಲ್ವಾ? ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು.

ಈಗ ಸುಮ್ನೆ ಒಂದು ಆಟ. ಸಾವಿರ ಮನೆ ಇವೆ. ಚೀಟಿ ಎತ್ತಿ, ಬಂದ ಎರಡು ಮನೆಗಳ ಮಧ್ಯೆ ಒಂದು ಸಂಕ ಹಾಕಿ. ದೂರ, ಹತ್ತಿರ ನೋಡುವ ಹಾಗಿಲ್ಲ. ಮತ್ತೆ ಚೀಟಿ, ಮತ್ತೆ ಸಂಕ. ಇದೇ ರ್‍ಯಾಂಡಮ್ ಗ್ರಾಫ್. ಹಂಗೇರಿಯ ಗಣಿತಜ್ಞರಾದ ಪಾಲ್ ಏರ್ಡಿಶ್ ಮತ್ತು ಆಲ್ಫ್ರೆಡ್ ರೇನಿ 1959–60ರ ಸುಮಾರಿಗೆ ಇದರ ಬೆನ್ನು ಹತ್ತಿದರು.

[ಅನಿಮೇಷನ್: ಚುಕ್ಕೆಗಳು, ಒಂದೊಂದೇ ಗೆರೆ]

500 ಸಂಕದವರೆಗೆ ಬರೀ ಪುಟ್ಟ ಪುಟ್ಟ ಗುಂಪು. ಅದು ದಾಟಿತೋ, ಒಂದು ದೊಡ್ಡ ಗುಂಪು ಉಳಿದದ್ದನ್ನೆಲ್ಲ ನುಂಗಲು ಶುರು ಮಾಡುತ್ತದೆ. 1000 ಸಂಕಕ್ಕೆ ಸುಮಾರು 800 ಮನೆ ಒಂದೇ ಗುಂಪಿನಲ್ಲಿ! ಆದರೆ ಉಳಿದ 200 ಮನೆ ಇದೆಯಲ್ಲ, ಅದು ಸತಾಯಿಸುತ್ತದೆ. 2500 ಸಂಕ ಹಾಕಿದರೂ ಸರಾಸರಿ ಆರೇಳು ಮನೆಗೆ ಒಂದೂ ಸಂಕ ಇರುವುದಿಲ್ಲ. 3500 ಆದಾಗ ಸರಾಸರಿ ಒಂದು ಮನೆ. ಚೀಟಿಗೆ ಕರುಣೆ ಇಲ್ಲ ನೋಡಿ, ಇದ್ದವರಿಗೇ ಮತ್ತೆ ಮತ್ತೆ ಬೀಳುತ್ತದೆ.

ನನಗೆ ತುಂಬಾ ಇಷ್ಟವಾದ ಜಾಗ ಇದು. ಕೊನೆಯ ಒಂಟಿ ಮನೆಗೆ ಸಂಕ ಬಿದ್ದ ಆ ಕ್ಷಣವೇ, ಹೆಚ್ಚುಕಡಿಮೆ ಖಚಿತವಾಗಿ, ಇಡೀ ಊರು ಒಂದಾಗುತ್ತದೆ. ಅಷ್ಟೇ ಅಲ್ಲ, ಮನೆಗಳ ಸಂಖ್ಯೆ ಸಮವಾಗಿದ್ದರೆ ನಡುವೆ ಸಂಕ ಇರುವವರನ್ನೇ ಎರಡೆರಡಾಗಿ ಮುಯ್ಯಾಳಿಗೆ (ಒಬ್ಬರ ಕೆಲಸಕ್ಕೆ ಇನ್ನೊಬ್ಬರು) ಜೋಡಿ ಮಾಡಲೂ ಆಗುತ್ತದೆ, ಒಬ್ಬರನ್ನೂ ಬಿಡದೆ. ಮನೆ ಜಾಸ್ತಿ ಆದಷ್ಟೂ ಈ ಮಾತು ಇನ್ನೂ ಗಟ್ಟಿ. ಬೇರೆ ಯಾವ ಅಡ್ಡಿಯೂ ಇಲ್ಲ, ಇದ್ದದ್ದು ಆ ಒಂಟಿ ಮನೆ ಮಾತ್ರ.

[ದೃಶ್ಯ: ಅಡಿಕೆ ಕೊಯ್ಲು]

ಕೊಯ್ಲಿಗೆ ಇಬ್ಬರು ಸಾಲದು. ಮರದ ಮೇಲೊಬ್ಬ, ಕೆಳಗೆ ಗೊನೆ ಹಿಡಿಯಲು ಒಬ್ಬ, ಹೊರಲು ಒಬ್ಬ. ಚೀಟಿ ಎತ್ತಿದಾಗ ಮೂವರು ಬಂದರೆ ಅದು ಹೈಪರ್‌ಗ್ರಾಫ್. 900 ಜನರಲ್ಲಿ 12 ಕೋಟಿಗೂ ಮೀರಿ ಮೂವರ ತಂಡ ಸಾಧ್ಯ. ಎಷ್ಟು ತಂಡ ಎತ್ತಿದರೆ, ಅವುಗಳಲ್ಲೇ ಕೆಲವನ್ನು ಆರಿಸಿ, ಯಾರೂ ಎರಡು ಸಲ ಬಾರದಂತೆ ಎಲ್ಲರನ್ನೂ ಮೂರು ಮೂರಾಗಿ ಹಂಚಬಹುದು? ಎಲಿ ಶಮೀರ್ ಕೇಳಿದ ಈ ಪ್ರಶ್ನೆ ದಶಕಗಟ್ಟಲೆ ಕಾಡಿತು. 2008ರಲ್ಲಿ ಯೋಹಾನ್ಸನ್, ಕಾನ್, ವೂ ಉತ್ತರದ ಗಾತ್ರ ಹಿಡಿದರು. ಆಮೇಲೆ ಕಾನ್ ಅದನ್ನು ಬಿಗಿ ಮಾಡಿದರು: ಸುಮಾರು ಎರಡು ಸಾವಿರ ತಂಡ ಸಾಕು. ಇಲ್ಲೂ ಅಡ್ಡಿ, ಯಾವ ತಂಡಕ್ಕೂ ಸೇರದೆ ಉಳಿದವನೇ.

ಇದೇ ಜೆಫ್ ಕಾನ್, ಗಿಲ್ ಕಲೈ ಜೊತೆ 2006ರಲ್ಲಿ ದೊಡ್ಡ ಮಾತೊಂದನ್ನು ಮುಂದಿಟ್ಟಿದ್ದರು. ಊರು ಒಂದಾಗುವಂಥ, ಜೋಡಿ ಆಗುವಂಥ ಹೊತ್ತು ಯಾವಾಗ ಬರುತ್ತದೆ ಎಂಬುದಕ್ಕೆ ಸುಲಭದ ಎಣಿಕೆ ಒಂದು ಅಂದಾಜು ಕೊಡುತ್ತದೆ. ನಿಜವಾದ ಹೊತ್ತು ಅದಕ್ಕಿಂತ, ಸ್ಥೂಲವಾಗಿ, ಹೆಚ್ಚೆಂದರೆ ಲಾಗ್‌ನಷ್ಟು ಪಟ್ಟು ಆಚೆ. ನಮ್ಮ ಸಾವಿರ ಮನೆಗೆ ಲಾಗ್ (ಸಹಜ ಲಾಗರಿದಮ್) ಸುಮಾರು 7. 500 ಎಲ್ಲಿ, 3500 ಎಲ್ಲಿ, ಲೆಕ್ಕ ಹಾಕಿ! ಇದು ನಿಜವೆಂದು ಅವರಿಗೇ ಅಷ್ಟಾಗಿ ನಂಬಿಕೆ ಇರಲಿಲ್ಲ. 2022ರಲ್ಲಿ ಜಿನ್ಯಂಗ್ ಪಾರ್ಕ್, ಹ್ಯೂ ತುವಾನ್ ಫಾಮ್ ಆರೇ ಪುಟದಲ್ಲಿ ಸಾಧಿಸಿಬಿಟ್ಟರು.

ಆದರೆ ಇದೆ ಅನ್ನುವುದು ಬೇರೆ, ಹುಡುಕಿ ತೆಗೆಯುವುದು ಬೇರೆ. ಜೋಡಿ ಹುಡುಕಲು 1965ರಲ್ಲೇ ಎಡ್ಮಂಡ್ಸ್ ಚುರುಕಾದ ದಾರಿ ಕೊಟ್ಟಿದ್ದಾರೆ. ಮೂವರ ತಂಡಕ್ಕೆ, ಯಾವ ಪಟ್ಟಿ ಕೊಟ್ಟರೂ ನಡೆಯುವ ಅಂಥ ದಾರಿ ಯಾರಿಗೂ ಸಿಕ್ಕಿಲ್ಲ. ಎರಡು ಸಾವಿರ ಚೀಟಿ ಹಿಡಿದು ಕೂತ ಕೊಯ್ಲು ಮೇಸ್ತ್ರಿಗೆ, ಯಾರೂ ತಂಡದ ಹೊರಗೆ ಉಳಿಯದಿದ್ದರೆ, ಉತ್ತರ ಅದರೊಳಗೇ ಇದೆ ಅಂತ ಹೆಚ್ಚುಕಡಿಮೆ ಗೊತ್ತು. ಯಾವ ಮುನ್ನೂರು ಚೀಟಿ ಅಂತ ಮಾತ್ರ ಗೊತ್ತಿಲ್ಲ.