ಪಿಯುಸಿಲಿ ಮಾರ್ಕ್ಸ್ ಕಮ್ಮಿ ಇದ್ರೂ ಸಂಗೀತದಲ್ಲಿ ಡಿಗ್ರಿ ಮಾಡ್ಬೋದಾ? ಪೂರ್ತಿ ವಿವರ

ನಮಸ್ಕಾರ ಎಲ್ರಿಗೂ, ಚಿಂತಾಮಣಿಯಿಂದ ಮಾತಾಡ್ತಿದೀನಿ. ಪಿಯುಸಿ ರಿಸಲ್ಟ್ ಬಂದಾಗ್ಲಿಂದ ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರು, ಆ ಕಡೆ ಶ್ರೀನಿವಾಸಪುರ, ಎಲ್ಲಾ ಕಡೆಯಿಂದ ಒಂದೇ ಥರ ಮೆಸೇಜು. ಅಕ್ಕಾ ನಂಗೆ ನಲವತ್ತು ಚಿಲ್ಲರೆ ಪರ್ಸೆಂಟು, ಅಕ್ಕಾ ನಂಗೆ ಇಂಗ್ಲಿಷ್ ಹೋಗಿದೆ, ಅಕ್ಕಾ ಸೈನ್ಸ್ ತಗೊಂಡು ಮಧ್ಯದಲ್ಲೇ ಬಿಟ್ಬಿಟ್ಟೆ, ಆದ್ರೆ ಹಾಡ್ತೀನಿ, ಮನೇಲಿ ವಾಲಗ ಇದೆ, ತಾತ ಹರಿಕಥೆ ಮಾಡೋರು, ನಂಗೆ ಯೂನಿವರ್ಸಿಟೀಲಿ ಸಂಗೀತ ಓದೋಕೆ ಸೀಟ್ ಸಿಗತ್ತಾ ಅಂತ.

ಸಿಗತ್ತೆ. ಪಾಸ್ ಆಗಿರ್ಬೇಕು ಅಷ್ಟೇ, ಮಿಕ್ಕಿದ್ದನ್ನ ನಿಮ್ಮ ಗಂಟಲೋ ನಿಮ್ಮ ಕೈಯೋ ಹೇಳತ್ತೆ.

(ಸ್ಕ್ರೀನ್ ಮೇಲೆ: ಅರ್ಹತೆ ಬೇರೆ, ಆಯ್ಕೆ ಬೇರೆ)

ಇದನ್ನ ಮೊದ್ಲು ತಲೇಲಿ ಇಟ್ಕೊಳ್ಳಿ. ಎಂಜಿನಿಯರಿಂಗ್‌ಗೆ ಹೋಗೋರಿಗೆ ಮಾರ್ಕ್ಸೇ ಸೀಟು. ಸಂಗೀತದ ಡಿಗ್ರಿಗೆ, ಅಂದ್ರೆ ಬಿಪಿಎ (ಬ್ಯಾಚಲರ್ ಆಫ್ ಪರ್ಫಾರ್ಮಿಂಗ್ ಆರ್ಟ್ಸ್) ಅಂತಾರಲ್ಲ ಅದಕ್ಕೆ, ಸಾಮಾನ್ಯವಾಗಿ ಪಿಯುಸಿ ಪಾಸ್ ಅನ್ನೋದು ಅರ್ಜಿ ಹಾಕೋಕೆ ಬೇಕಾಗಿರೋ ಅರ್ಹತೆ. ಆಮೇಲೆ ನಿಮ್ಮನ್ನ ಕೂರಿಸ್ಕೊಂಡು ಹಾಡಿಸ್ತಾರೆ, ಇಲ್ಲ ನುಡಿಸೋಕೆ ಹೇಳ್ತಾರೆ, ಅಲ್ಲಿ ಸಿಗೋ ಅಂಕ ದೊಡ್ಡದು. ಕೆಲವು ಕಡೆ ಮಿನಿಮಮ್ ಪರ್ಸೆಂಟೇಜ್ ಕೇಳ್ತಾರೆ, ಅದ್ರಲ್ಲೂ ಎಂಪಿಎ ಥರ ಮಾಸ್ಟರ್ಸ್‌ಗೆ ಹೋಗೋರು ಡಿಗ್ರಿ ಮಾರ್ಕ್ಸ್ ನೋಡ್ಕೋಬೇಕು, ಹಾಗಾಗಿ ಆಯಾ ವರ್ಷದ ನೋಟಿಫಿಕೇಶನ್ ಓದ್ದೇ ಯಾರೋ ಅಣ್ಣ ಹೇಳಿದ್ರು ಅಂತ ನಿರ್ಧಾರ ಮಾಡ್ಬೇಡಿ, ಆಸೆನೂ ಬಿಡ್ಬೇಡಿ.

ಫೇಲ್ ಆಗಿರೋರು ಈಗ ಕೇಳಿ. ಪಾಸ್ ಅನ್ನೋದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ, ಎಷ್ಟೇ ಚೆನ್ನಾಗಿ ಹಾಡಿದ್ರೂ ಆಗಲ್ಲ. 2023-24ನೇ ಸಾಲಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಅವಕಾಶ ಬಂದಿದೆ. ಹೋಗಿರೋ ಸಬ್ಜೆಕ್ಟ್ ಕಟ್ಟಿ ಅದೇ ವರ್ಷ ಬರೀಬೋದು, ಪಾಸಾಗಿರೋರೂ ಮಾರ್ಕ್ಸ್ ಜಾಸ್ತಿ ಮಾಡ್ಕೊಳೋಕೆ ಬರೀಬೋದು, ಯಾವ್ದ್ರಲ್ಲಿ ಜಾಸ್ತಿ ಬಂತೋ ಅದನ್ನ ಉಳಿಸ್ಕೋಬೋದು. ಇಷ್ಟಿದ್ರೂ ಎಷ್ಟೋ ಮಕ್ಕಳು ಒಂದು ಸಲ ಹೋಯ್ತು ಅಂತ ನಾಚ್ಕೊಂಡು ಮನೇಲೇ ಕೂತ್ಬಿಡ್ತಾರೆ, ಅದೇ ನಂಗೆ ಹೊಟ್ಟೆ ಉರಿಯೋ ವಿಷ್ಯ. ಕಾಲೇಜೇ ಬಿಟ್ಟು ವರ್ಷಗಳಾಗಿರೋರಿಗೆ ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡ್ತಾರೆ, ಅಲ್ಲಿ ಹನ್ನೆರಡನೇ ಕ್ಲಾಸ್ ಮುಗಿಸಿ ಡಿಗ್ರಿಗೆ ಬರೋ ದಾರಿ ಇದೆ.

ಇನ್ನು ಈಗ್ತಾನೆ ಹತ್ತನೇ ಕ್ಲಾಸ್ ಮುಗಿಸಿರೋ ತಮ್ಮ ತಂಗೀರಿಗೆ ಒಂದು ಮಾತು. ಪಿಯುಸಿ ಸಬ್ಜೆಕ್ಟ್ ಪಟ್ಟೀಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡೂ ಇವೆ. ಎಲ್ಲಾ ಕಾಲೇಜಲ್ಲೂ ಇರಲ್ಲ, ನಿಮ್ಮ ಹತ್ರದ ಕಾಲೇಜಲ್ಲಿ ಇದ್ಯಾ ಅಂತ ಕೇಳಿ ನೋಡಿ. ಅಪ್ಪನ ಬಲವಂತಕ್ಕೆ ಪಿಸಿಎಂಬಿ ತಗೊಂಡು ಎರಡು ವರ್ಷ ಒದ್ದಾಡೋದು ಬೇಡ.

(ಇಲ್ಲಿ ತಂಬೂರಿ ಶ್ರುತಿ ಸಣ್ಣಗೆ ಶುರು ಆಗ್ಲಿ)

ಈಗ ಪ್ರಾಕ್ಟಿಕಲ್ ಬಗ್ಗೆ. ಸೀಟು ನಿರ್ಧಾರ ಆಗೋದು ಇಲ್ಲೇ, ಆದ್ರೆ ನಮ್ಮ ಮಕ್ಕಳು ಸರಿಯಾಗಿ ತಯಾರಿ ಮಾಡ್ಕೊಳ್ದೆ ಹೋಗೋದೂ ಇಲ್ಲಿಗೇ. ದೇವಸ್ಥಾನದ ಭಜನೇಲಿ ಹಾಡೋರು, ಕೈವಾರದ ಗುರುಪೂಜೆ ಸಂಗೀತೋತ್ಸವ ಕೇಳ್ಕೊಂಡು ಬೆಳೆದೋರು, ಅಲ್ಲಿನ ಯೋಗಿ ನಾರೇಯಣ ತಾತಯ್ಯನೋರ ಕೀರ್ತನೆ ಬಾಯಿಪಾಠ ಇರೋರು ನಮ್ಮಲ್ಲಿ ಬೇಕಾದಷ್ಟು ಜನ. ದನಿ ಚೆನ್ನಾಗೇ ಇರತ್ತೆ. ಆದ್ರೆ ನಿಮ್ಮ ಶ್ರುತಿ, ಅಂದ್ರೆ ಹಾಡೋಕೆ ಆಧಾರವಾಗಿ ಇಟ್ಕೊಳೋ ಸ್ವರ, ಎಷ್ಟಪ್ಪಾ ಅಂದ್ರೆ ಗೊತ್ತಿರಲ್ಲ. ಸಾಮಾನ್ಯವಾಗಿ ಹೆಣ್ಮಕ್ಕಳದು ಐದು ಐದೂವರೆ, ಗಂಡುಮಕ್ಕಳದು ಒಂದು ಒಂದೂವರೆ ಆಸುಪಾಸು ಇರತ್ತೆ, ನಿಮ್ದು ಯಾವ್ದು ಅಂತ ಮೇಷ್ಟ್ರ ಹತ್ರ ಕೂತು ಪಕ್ಕಾ ಮಾಡ್ಕೊಳ್ಳಿ. ಮೊಬೈಲಲ್ಲಿ ತಂಬೂರಿ ಆಪ್ ಬರತ್ತೆ, ದಿನಾ ಅದನ್ನ ಹಾಕ್ಕೊಂಡೇ ಹಾಡಿ, ಕರೋಕೆ ಟ್ರ್ಯಾಕ್ ಮೇಲೆ ಹಾಡಿ ಅಭ್ಯಾಸ ಆಗಿರೋರಂತೂ ಟ್ರ್ಯಾಕ್ ಬಿಟ್ಬಿಡಿ, ಯಾಕಂದ್ರೆ ಅಲ್ಲಿ ಹಿಂದೆ ಇರೋ ಮ್ಯೂಸಿಕ್ಕೇ ನಿಮ್ಮನ್ನ ಹಿಡ್ಕೊಂಡಿರತ್ತೆ, ಪರೀಕ್ಷೇಲಿ ಬರೀ ಶ್ರುತಿ ಇದ್ದಾಗ ನೀವು ಎಲ್ಲಿ ಜಾರ್ತೀರ ಅಂತ ಕೂತಿರೋರಿಗೆ ತಕ್ಷಣ ಗೊತ್ತಾಗ್ಬಿಡತ್ತೆ.

ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಮೂರು ಕಾಲದಲ್ಲಿ, ಅಂದ್ರೆ ಮೂರು ವೇಗದಲ್ಲಿ ಬರ್ಬೇಕು, ತಾಳ ಕೈ ತಪ್ಪಬಾರ್ದು. ಒಂದೆರಡು ವರ್ಣ, ಒಂದೆರಡು ಕೃತಿ ಗಟ್ಟಿಯಾಗಿದ್ರೆ ಸಾಕು, ಅರ್ಧಂಬರ್ಧ ಹತ್ತು ಕೃತಿ ಹೇಳೋದಕ್ಕಿಂತ ಒಂದು ಮೋಹನ ವರ್ಣ ಎರಡು ಕಾಲದಲ್ಲಿ ನಿಲ್ಸಿ ಹಾಡೋದು ಎಷ್ಟೋ ಮೇಲು. ಅವ್ರು ಒಂದು ಸ್ವರಗುಚ್ಛ ಹಾಡಿ ಇದನ್ನ ತಿರುಗಿ ಹಾಡಿ ಅನ್ಬೋದು, ಈ ರಾಗ ಯಾವ್ದು, ಈ ತಾಳಕ್ಕೆ ಎಷ್ಟು ಅಕ್ಷರ ಅಂತ ಕೇಳ್ಬೋದು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಮೇಡಂ, ಕಲಿತೀನಿ ಅನ್ನಿ. ಊಹೆ ಮಾಡಿ ಏನೋ ಒಂದು ಹೇಳ್ಬೇಡಿ.

ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಕಟ್ಟಿರೋರು ಆ ಸರ್ಟಿಫಿಕೇಟ್ ಜೋಪಾನವಾಗಿ ಇಟ್ಕೊಳ್ಳಿ. ಹಿಂದೂಸ್ತಾನಿ ಕಡೆಯೋರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಪರೀಕ್ಷೆಗಳಿವೆ. ಪಿಯುಸಿ ಮಾರ್ಕ್ಸ್‌ಕಾರ್ಡ್ ತೆಳ್ಳಗಿದ್ದಾಗ ಇವನ್ನ ಜೊತೆಗಿಟ್ರೆ ಈ ಹುಡುಗಿ ವರ್ಷಗಟ್ಲೆ ಬಿಡ್ದೆ ಕಲ್ತಿದಾಳೆ ಅಂತ ಕಾಗದದಲ್ಲೇ ಕಾಣತ್ತೆ.

ಎಲ್ಲಿಗೆ ಅರ್ಜಿ ಹಾಕೋದು? ನಮ್ಮ ರಾಜ್ಯದಲ್ಲೇ ಸಂಗೀತಕ್ಕೆ ಅಂತಲೇ ಒಂದು ಯೂನಿವರ್ಸಿಟಿ ಇದೆ, ಮೈಸೂರಲ್ಲಿ, ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಗಂಗೂಬಾಯಿ ಅವ್ರು ಸ್ಕೂಲಲ್ಲಿ ಓದಿದ್ದು ಪ್ರೈಮರಿವರೆಗೆ ಮಾತ್ರ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ರ ಕಲ್ತೋರು, 2002ರಲ್ಲಿ ಪದ್ಮವಿಭೂಷಣ ಬಂತು. ಅವ್ರ ಹೆಸ್ರಲ್ಲಿರೋ ಯೂನಿವರ್ಸಿಟಿಗೆ ಅರ್ಜಿ ಹಾಕೋಕೆ ಮಾರ್ಕ್ಸ್ ಕಮ್ಮಿ ಅಂತ ಹೆದರ್ಕೊಳೋದು ಬೇಡ. ಮೈಸೂರು ಯೂನಿವರ್ಸಿಟಿಯ ಲಲಿತಕಲಾ ಕಾಲೇಜಿದೆ, ಬೆಂಗಳೂರಲ್ಲಿ ಜ್ಞಾನಭಾರತಿಲಿ ಪ್ರದರ್ಶಕ ಕಲೆಗಳ ವಿಭಾಗ ಇದೆ, ಹಿಂದೂಸ್ತಾನಿ ಬೇಕಾದ್ರೆ ಧಾರವಾಡ ಇದೆ. ಡಿಗ್ರಿ ಈಗ್ಲೇ ಕಷ್ಟ ಅನ್ಸಿದ್ರೆ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸ್‌ಗಳ ಬಗ್ಗೆನೂ ವಿಚಾರ್ಸಿ, ಅವಕ್ಕೆ ಅರ್ಹತೆ ಕಮ್ಮಿ ಇರತ್ತೆ.

ಹೊರಗಡೆ ರಾಜ್ಯಕ್ಕೆ ಹೋಗೋ ಧೈರ್ಯ ಇರೋರಿಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ, ದೆಹಲಿ ಯೂನಿವರ್ಸಿಟಿ. ಅಲ್ಲಿಗೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಜೊತೆಗೆ ಹಾಡಿ ನುಡಿಸಿ ತೋರಿಸೋ ಪರೀಕ್ಷೆನೂ ಇರತ್ತೆ. ಪಿಯುಸಿ ಮಾರ್ಕ್ಸ್ ಕಮ್ಮಿ ಇರೋರಿಗೆ ಇದು ಒಂಥರಾ ಒಳ್ಳೇದೇ, ಹಳೇ ಮಾರ್ಕ್ಸ್ ಹಿಡ್ಕೊಂಡು ಕೂರದೆ ಹೊಸ ಪರೀಕ್ಷೇಲಿ ತೋರಿಸ್ಬೋದು. ಪಕ್ಕದ ತುಮಕೂರು ಜಿಲ್ಲೆ ಗುಬ್ಬಿ ವೀರಣ್ಣನೋರ ನಾಟಕ ಕಂಪನಿ ಗೊತ್ತಲ್ಲ, ಮನೆ ಬಿಟ್ಟು ಓಡಿಬಂದು ಆ ಕಂಪನಿ ಸೇರಿದ್ದ ಬಿ.ವಿ. ಕಾರಂತರನ್ನ ಎಂಎ ಓದೋಕೆ ಬನಾರಸ್‌ಗೆ ಕಳ್ಸಿದ್ದು ವೀರಣ್ಣನೋರೇ, ಅಲ್ಲಿ ಕಾರಂತರು ಓಂಕಾರನಾಥ ಠಾಕೂರರ ಹತ್ರ ಹಿಂದೂಸ್ತಾನಿ ಸಂಗೀತನೂ ಕಲ್ತ್ರು. ನಾಟಕದೋರೇ ಹುಡುಗನ್ನ ಓದೋಕೆ ಕಳ್ಸಿದ್ರು, ಕಲೆ ಇದೆ ಸಾಕು ಓದು ಯಾಕೆ ಅನ್ಲಿಲ್ಲ, ಇದನ್ನ ಮನೇಲಿ ದೊಡ್ಡೋರಿಗೂ ಹೇಳಿ.

(ಸ್ಕ್ರೀನ್ ಮೇಲೆ: ಸೀಟು ಸಿಕ್ಕಿದ್ಮೇಲೆ ಥಿಯರಿ)

ಯಾಕೆ ಇದನ್ನ ಹೇಳ್ತಿದೀನಿ ಅಂದ್ರೆ, ಸಂಗೀತದ ಡಿಗ್ರಿ ಅಂದ್ರೆ ದಿನಪೂರ್ತಿ ಹಾಡ್ಕೊಂಡಿರೋದು ಅಂತ ಹೋದೋರು ಮೊದಲ ಸೆಮಿಸ್ಟರಲ್ಲೇ ಥಿಯರಿ ಪೇಪರ್‌ನಲ್ಲಿ ಸಿಕ್ಕಾಕ್ಕೊಂಡ್ಬಿಡ್ತಾರೆ. ಲಕ್ಷಣ, ಇತಿಹಾಸ, ವಾಗ್ಗೇಯಕಾರರು, ಭಾಷಾ ಪೇಪರು, ಎಲ್ಲ ಬರೀಬೇಕು. ಪಿಯುಸಿಲಿ ಮಾರ್ಕ್ಸ್ ಹೋಗಿದ್ದು ಬರೆಯೋ ಅಭ್ಯಾಸ ಇಲ್ದೆ ಆಗಿದ್ರೆ ಅದೇ ತೊಂದ್ರೆ ಇಲ್ಲೂ ಬರತ್ತೆ, ಅದಕ್ಕೆ ಈಗ್ಲಿಂದ್ಲೇ ಕೆಲಸ ಶುರು ಮಾಡಿ. ದಾರಿ ಏನು ಅಂದ್ರೆ ನೀವು ಹಾಡೋದ್ರಿಂದ್ಲೇ ಥಿಯರಿ ಹಿಡೀರಿ. ಸರಳೆ ವರಸೆ ಯಾವ ರಾಗದಲ್ಲಿ ಕಲ್ತ್ರಿ? ಮಾಯಾಮಾಳವಗೌಳ, ಅದು 15ನೇ ಮೇಳ, ಮೇಳ ಅಂದ್ರೆ ಬೇರೆ ರಾಗಗಳಿಗೆ ಮೂಲವಾಗಿರೋ ರಾಗ. 72 ಮೇಳಕರ್ತ ಅಂತ ಉರು ಹೊಡೆಯೋ ಬದ್ಲು ಹೀಗೆ ನೋಡಿ, ಮೊದಲ 36ಕ್ಕೆ ಶುದ್ಧ ಮಧ್ಯಮ, ಆಮೇಲಿನ 36ಕ್ಕೆ ಪ್ರತಿ ಮಧ್ಯಮ. ಶಂಕರಾಭರಣ 29, ಅದ್ರ ಮಧ್ಯಮ ಒಂದನ್ನ ಬದ್ಲಾಯಿಸಿದ್ರೆ ಕಲ್ಯಾಣಿ, 29ಕ್ಕೆ 36 ಸೇರ್ಸಿ, 65, ಕಲ್ಯಾಣಿ ನಂಬರ್ ಅದೇ. ಹಾಡಿ ನೋಡಿ, ಕಿವಿಗೂ ಗೊತ್ತಾಗತ್ತೆ. ಏಳು ತಾಳ, ಐದು ಜಾತಿ, ಗುಣಿಸಿದ್ರೆ 35 ತಾಳ. ಮ್ಯಾಥ್ಸಲ್ಲಿ ಫೇಲ್ ಅಂತ ಬೈಸ್ಕೊಂಡಿರೋ ಹುಡುಗ ಮೃದಂಗದಲ್ಲಿ ಮುಕ್ತಾಯ ಲೆಕ್ಕ ಹಾಕಿ ಸಮಕ್ಕೆ ಸರಿಯಾಗಿ ಬಂದು ಕೂರ್ತಾನೆ, ಅವನಿಗೆ ಲೆಕ್ಕ ಬರಲ್ಲ ಅಂತ ಯಾರು ಹೇಳಿದ್ದು? ದಿನಾ ಒಂದು ಪುಟ ಕನ್ನಡದಲ್ಲಿ ರಾಗಲಕ್ಷಣ ಬರೀರಿ, ಆರೋಹಣ ಅವರೋಹಣ, ಜೀವಸ್ವರ, ಯಾವ ಮೇಳದ ಜನ್ಯ, ಅಷ್ಟೇ ಸಾಕು, ಆರು ತಿಂಗಳಲ್ಲಿ ಕೈ ತಾನಾಗೇ ಓಡತ್ತೆ.

ತಮಟೆ, ಡೊಳ್ಳು, ವಾಲಗದ ಮನೆ ಮಕ್ಕಳು ನಮ್ದು ಯೂನಿವರ್ಸಿಟಿ ಸಂಗೀತ ಅಲ್ಲ ಅಂತ ಹಿಂದೆ ಸರೀತಾರೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನೋರಿಗೆ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಹಾವೇರಿ ಜಿಲ್ಲೆ ಗೊಟಗೋಡಿಲಿ ಜಾನಪದ ವಿಶ್ವವಿದ್ಯಾಲಯನೇ ಇದೆ, ಅಲ್ಲೂ ಕೇಳಿ.

ಅರ್ಜಿ ತುಂಬೋವಾಗ ಫೇಲ್ ಆಗಿದ್ದು, ಗ್ಯಾಪ್ ಇದ್ದಿದ್ದು ಯಾವ್ದನ್ನೂ ಮುಚ್ಚಿಡ್ಬೇಡಿ. ಎಲ್ಲಾ ಅಟೆಂಪ್ಟಿನ ಮಾರ್ಕ್ಸ್‌ಕಾರ್ಡ್, ಟಿಸಿ, ಎನ್‌ಐಓಎಸ್ ಆಗಿದ್ರೆ ಮೈಗ್ರೇಶನ್, ಜಾತಿ ಆದಾಯ ಪ್ರಮಾಣಪತ್ರ, ಇವೆಲ್ಲ ಮೊದ್ಲೇ ತೆಗ್ಸಿಡಿ, ನಾಡಕಚೇರೀಲಿ ಕೊನೇ ವಾರ ರಶ್ಶು. ಗ್ಯಾಪ್ ಯಾಕೆ ಅಂತ ಕೇಳಿದ್ರೆ ಇದ್ದಿದ್ದನ್ನ ಎರಡು ಮಾತಲ್ಲಿ ಹೇಳಿ, ಆ ಟೈಮಲ್ಲಿ ಏನು ಕಲ್ತ್ರಿ ಅಂತ ಹೇಳಿ. ಮಾರ್ಕ್ಸ್ ಇಲ್ದಿದ್ರೂ ಸೀಟ್ ಕೊಡಿಸ್ತೀನಿ ದುಡ್ಡು ಕೊಡಿ ಅನ್ನೋ ಏಜೆಂಟ್‌ಗಳಿಗೆ ಒಂದು ರೂಪಾಯಿನೂ ಕೊಡ್ಬೇಡಿ, ನೇರವಾಗಿ ಯೂನಿವರ್ಸಿಟಿ ಆಫೀಸಿಗೇ ಫೋನ್ ಮಾಡಿ. ಹೆಣ್ಮಕ್ಕಳಿಗೆ ಶಕ್ತಿ ಯೋಜನೇಲಿ ಸರ್ಕಾರಿ ಸಾಮಾನ್ಯ ಬಸ್ ಫ್ರೀ ಇದೆ, ಅಮ್ಮನ್ನ ಜೊತೆಗೆ ಕರ್ಕೊಂಡು ಒಂದು ದಿನ ಮೈಸೂರಿಗೆ ಹೋಗಿ ಕ್ಯಾಂಪಸ್ ನೋಡ್ಕೊಂಡು, ಅಲ್ಲಿ ಓದ್ತಿರೋ ಮಕ್ಕಳನ್ನ ಪ್ರಾಕ್ಟಿಕಲಲ್ಲಿ ಏನು ಕೇಳಿದ್ರು ಅಂತ ವಿಚಾರ್ಸಿ ಬನ್ನಿ.

ಪ್ರಶ್ನೆ ಇದ್ರೆ ಕೆಳಗಡೆ ಬರೀರಿ, ನಿಮ್ಮ ಊರು, ಯಾವ ವಾದ್ಯ ಇಲ್ಲ ಹಾಡುಗಾರಿಕೆ, ಎಲ್ಲೀವರೆಗೆ ಪಾಠ ಆಗಿದೆ, ಇಷ್ಟು ಬರೆದ್ರೆ ಉತ್ತರ ಹೇಳೋಕೆ ಸುಲಭ ಆಗತ್ತೆ.